ಕೊನೆಗೌಡರ ಬೆನ್ನು

ಮಲೇರಿಯಾ ನಮ್ಮ ಘಟ್ಟದ ಮೇಲಿನ ತಾಲೂಕುಗಳನ್ನು ಹಿಂಡುತ್ತಿದ್ದ ಕಾಲದಲ್ಲಿ, ಊರಿಗೆ ಬಂದ ಡಾಕ್ಟರು ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಎಡ ಪಕ್ಕೆಲುಬಿನ ಕೆಳಗೆ ಕೈಯಿಟ್ಟು ನೋಡುತ್ತಿದ್ದರು. ಜ್ವರಗಡ್ಡೆ ಬೆರಳಿಗೆ ತಾಗುತ್ತದೆಯೇ, ತಾಗಿದರೆ ಎಷ್ಟು ಕೆಳಗೆ ಇಳಿದಿದೆ ಎಂಬುದು ಮುಖ್ಯ. ನೂರು ಮಕ್ಕಳಲ್ಲಿ ಎಷ್ಟು ಜನಕ್ಕೆ ಗುಲ್ಮ ಊದಿದೆ ಎಂಬ ಲೆಕ್ಕವೇ ಆ ಊರಿನ ಮಲೇರಿಯಾದ ಲೆಕ್ಕವಾಗುತ್ತಿತ್ತು. 1945-46ರ ಹೊತ್ತಿಗೆ ಡಾ. ಡಿ.ಕೆ. ವಿಶ್ವನಾಥನ್ ಅವರ ಮುಂದಾಳ್ತನದಲ್ಲಿ ಮುಂಬಯಿ ಪ್ರಾಂತ್ಯದವರು ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಮನೆ ಮನೆಗೆ ಡಿಡಿಟಿ ಹೊಡೆಸಿದರು. ಅದರಿಂದ ಗುಣ ಕಂಡಿತೇ ಎಂದು ನೋಡುವುದಕ್ಕೂ ಇದೇ ಬೆರಳು, ಇದೇ ಮಕ್ಕಳ ಹೊಟ್ಟೆ. ದೇಶದ ದೊಡ್ಡ ಮಲೇರಿಯಾ ಕಾರ್ಯಕ್ರಮಕ್ಕೆ ದಾರಿ ತೋರಿಸಿದ ಕೆಲಸ ಅದು. ಅದರ ಅಳತೆಗೋಲುಗಳಲ್ಲಿ ಒಂದು ಮನುಷ್ಯನ ಕೈ.

ನಾನು ಫಿಸಿಯೋಥೆರಪಿಸ್ಟ್. ಹುಟ್ಟಿದ್ದು ಸಿದ್ದಾಪುರ ತಾಲೂಕಿನ ತೋಟದ ಮನೆಯಲ್ಲಿ, ಕೆಲಸ ಮಾಡುವುದು ಶಿರಸಿಯಲ್ಲಿ. ಯಲ್ಲಾಪುರದ ಕಡೆಯಿಂದಲೂ ಜನ ಬರುತ್ತಾರೆ. ನನ್ನ ವಿದ್ಯೆಯೂ ಮುಖ್ಯವಾಗಿ ಕೈಯದ್ದೇ. ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ಕೈಗೆ ಎಟುಕದ ಆಳದಲ್ಲಿ ಏನಾಗಿದೆ ಎಂದು ನೋಡುವ ಉಪಕರಣವೊಂದು ಬೇರೆ ದೇಶಗಳಲ್ಲಿ ನನ್ನ ವೃತ್ತಿಯವರ ಕೈಗೆ ಬಂದು ದಶಕಗಳೇ ಆದವು. ನಮ್ಮಲ್ಲಿ ಅದು ಬಂದಿಲ್ಲ. ಯಾಕೆ ಬಂದಿಲ್ಲ, ಬರಬೇಕಾದರೆ ಮೊದಲು ಏನಾಗಬೇಕು ಎಂಬುದನ್ನು ಹೇಳಬೇಕೆಂದರೆ ಈ ಮೂರು ತಾಲೂಕುಗಳ ಮೈನೋವಿನ ಚರಿತ್ರೆಯಿಂದಲೇ ಶುರು ಮಾಡಬೇಕು.

ನಾನು ಚಿಕ್ಕವಳಿದ್ದಾಗ ಬೆನ್ನು ಹಿಡಿದುಕೊಂಡರೆ ಆಸ್ಪತ್ರೆಯ ಮಾತೇ ಬರುತ್ತಿರಲಿಲ್ಲ. “ಉಳುಕು ತೆಗೆಸ್ಕ್ಯಂಡು ಬಾ” ಎಂದು ಅಮ್ಮಮ್ಮ ಹೇಳಿದರೆ ಅಪ್ಪಯ್ಯ ಹೋಗಿ ತೆಗೆಸಿಕೊಂಡು ಬರುತ್ತಿದ್ದ. ಕಾಲು ಮುಂದಾಗಿ ಹುಟ್ಟಿದವರು ಬೆನ್ನಿಗೆ ಪಾದ ತಾಗಿಸಿದರೆ ನೋವು ಬಿಡುತ್ತದೆ ಎಂಬ ನಂಬಿಕೆ ಕರ್ನಾಟಕದ ಬಹಳ ಕಡೆ ಇದೆ, ನಮ್ಮಲ್ಲೂ ಇತ್ತು. ಇನ್ನು ಕೆಲವರು ಎಣ್ಣೆ ಸವರಿ, ಸೊಂಟದ ಎರಡೂ ಬದಿ ಹೆಬ್ಬೆರಳು ಊರಿ ಮೇಲಕ್ಕೆ ಎಳೆಯುತ್ತಿದ್ದರು. ಎಲುಬು ಮುರಿದರೆ ಕಟ್ಟು ಹಾಕುವವರು ಬೇರೆಯೇ. ಬಿದಿರಿನ ದಬ್ಬೆ, ಮೊಟ್ಟೆಯ ಬಿಳಿಯಲ್ಲಿ ಅದ್ದಿದ ಬಟ್ಟೆ, ಸಂದುಬಳ್ಳಿ ಅರೆದ ಮದ್ದು. ಪಾರ್ಶ್ವವಾಯು ಬಡಿದರೆ ಘಟ್ಟ ಇಳಿದು ಅಂಕೋಲೆಯ ಬೆಳಂಬಾರದ ನಾಟಿವೈದ್ಯರಲ್ಲಿಗೆ ಕರೆದೊಯ್ಯುವ ರೂಢಿ ಈಗಲೂ ಇದೆ.

ಇವರನ್ನೆಲ್ಲ ಹೀಗಳೆಯುವ ಮನಸ್ಸು ನನಗಿಲ್ಲ. ಮುರಿದ ಮುಂಗೈಯನ್ನು ಎಳೆದು ನೆಟ್ಟಗೆ ಮಾಡುವ ಹದ ಅವರಲ್ಲಿ ಕೆಲವರಿಗೆ ನಿಜಕ್ಕೂ ಸಿದ್ಧಿಸಿತ್ತು. ಆದರೆ ಕಟ್ಟು ಬಿಗಿಯಾಗಿ ರಕ್ತ ಓಡದೆ ಬೆರಳುಗಳು ಕೊಕ್ಕೆಯ ಹಾಗೆ ಸೆಟೆದು ನಿಂತ ಕೈಗಳನ್ನೂ ನೋಡಿದ್ದೇನೆ. ಮಕ್ಕಳ ಮೊಣಕೈ ಮುರಿತಕ್ಕೆ ಹೀಗೆ ಕಟ್ಟಿದ್ದರೆ ಆ ಕೈ ಬದುಕಿಡೀ ಸರಿಯಾಗುವುದಿಲ್ಲ. ಕಟ್ಟುವವನಿಗೆ ಒಳಗೆ ಆಗುತ್ತಿದ್ದುದು ಕಾಣುತ್ತಿರಲಿಲ್ಲ, ಕಾಣಬಲ್ಲವರು ಯಾರೂ ಹತ್ತಿರದಲ್ಲಿ ಇರಲಿಲ್ಲ.

ಈ ಸೀಮೆಯ ಮೈ ಸವೆಯುವುದು ಅಡಿಕೆ ತೋಟದಲ್ಲಿ. ಹೆಂಗಸರು ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೆ ಕೂತು ಅಡಿಕೆ ಸುಲಿಯುತ್ತಾರೆ. ಅವರ ಹೆಬ್ಬೆರಳ ಬುಡ, ಮಣಿಕಟ್ಟು, ಬಲ ಭುಜ ಮೊದಲು ಹೋಗುತ್ತವೆ. ಬೆಟ್ಟದಿಂದ ಸೊಪ್ಪಿನ ಹೊರೆ ಹೊತ್ತವರ ಕುತ್ತಿಗೆಯ ಕಥೆ ಬೇರೆ. ಯಕ್ಷಗಾನದಲ್ಲಿ ಮಂಡಿ ಹಾಕಿ ಸುತ್ತುವ ಕಲಾವಿದರ ಮೊಣಕಾಲು ಇನ್ನೊಂದು ಅಧ್ಯಾಯ. ನಾನು ಇಲ್ಲಿ ಮರ ಹತ್ತಿ ಅಡಿಕೆಯ ಕೊನೆ ಕೊಯ್ಯುವ ಕೊನೆಗೌಡರ ಬೆನ್ನಿನ ಬಗ್ಗೆ ಬರೆಯುತ್ತೇನೆ. ಅದನ್ನು ಹತ್ತಿರದಿಂದ ಬಲ್ಲೆ.

ಕೊನೆಗೌಡ ಮರ ಹತ್ತುವುದನ್ನು ನೋಡಿದವರಿಗೆ ಅವನ ತೋಳಿನ ಬಲವೇ ಕಣ್ಣಿಗೆ ಬೀಳುತ್ತದೆ. ಬಲ ಹುಟ್ಟುವ ಜಾಗ ಸೊಂಟ. ಎರಡೂ ಪಾದಗಳಿಗೆ ಹಗ್ಗದ ಕುಣಿಕೆ ಸಿಕ್ಕಿಸಿ, ಕಾಂಡವನ್ನು ಪಾದಗಳ ನಡುವೆ ಅಮುಕಿ ಹಿಡಿದು, ಮೊಣಕಾಲು ಮಡಚಿ ಮೈಯನ್ನು ಮೇಲಕ್ಕೆ ಎತ್ತಬೇಕು. ಅಷ್ಟೆತ್ತರ ಹತ್ತಿದ ಮೇಲೆ ಮರದ ತುದಿಯ ಚಂಡೆಯ ಕೆಳಗೆ ಸಣ್ಣ ಮಣೆಯ ಮೇಲೆ ಕೂತು, ಒಂದು ಬದಿಗೆ ವಾಲಿ ಕೊನೆ ಕೊಯ್ಯಬೇಕು. ಕೊಯ್ದ ಕೊನೆ ಹಗ್ಗದ ಮೇಲೆ ಜಾರಿ ಕೆಳಗೆ ಹಗ್ಗ ಹಿಡಿದವನ ಕೈ ಸೇರುತ್ತದೆ. ಆಮೇಲೆ ಇಳಿಯುವುದಿಲ್ಲ. ತಾನು ಕೂತ ಮರವನ್ನೇ ಮೈಯಿಂದ ತೂಗಿ ಬಾಗಿಸಿ ಪಕ್ಕದ ಮರವನ್ನು ಕೈಯಲ್ಲಿ ಹಿಡಿದು ಅದಕ್ಕೆ ದಾಟುತ್ತಾನೆ. ಈ ತೂಗುವ ಗಳಿಗೆಯಲ್ಲಿ ಸೊಂಟದ ಮೂಳೆಗಳನ್ನು ಜಾರದಂತೆ ಹಿಡಿದಿಡುವುದು ಬೆನ್ನುಮೂಳೆಯ ಎರಡೂ ಪಕ್ಕದಲ್ಲಿ, ತೀರ ಆಳದಲ್ಲಿ, ಕಶೇರುಕಕ್ಕೆ ಅಂಟಿಕೊಂಡೇ ಇರುವ ಮಲ್ಟಿಫಿಡಸ್ ಎಂಬ ಸ್ನಾಯು. ಕನ್ನಡದಲ್ಲಿ ಅದಕ್ಕೆ ಬಳಕೆಯ ಹೆಸರಿಲ್ಲದಿರುವುದು ಸಹಜವೇ. ಅದು ಯಾರಿಗೂ ಕಾಣುವುದಿಲ್ಲ.

ಮರ ಹತ್ತುವುದು ಕೊಯ್ಲಿಗೆ ಮಾತ್ರ ಸೀಮಿತವಲ್ಲ. ಮಳೆಗಾಲದ ಕೊಳೆರೋಗಕ್ಕೆ ಹಿಂದೆ ಪ್ರತಿ ಕೊನೆಗೂ ಮಳೆ ತಾಗದಂತೆ ಮುಚ್ಚುವ ಕೊಟ್ಟೆ ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್‌ಮನ್ 1910ರಲ್ಲಿ ಕೊಳೆರೋಗದ ಅಧ್ಯಯನ ಪ್ರಕಟಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ರೂಢಿಗೆ ತಂದರು. ಅಡಿಕೆಯ ಚರಿತ್ರೆಯಲ್ಲಿ ಅದು ದೊಡ್ಡ ತಿರುವು, ಸಾವಿರಾರು ತೋಟಗಳು ಉಳಿದದ್ದು ಅದರಿಂದ. ಆದರೆ ಆ ಮದ್ದು ಹೊಡೆಯುವವನು ಪಾಚಿಗಟ್ಟಿದ ಮರವನ್ನು ಸುರಿವ ಮಳೆಯ ನಡುವೆ ಒಂದೊಂದು ಹಂಗಾಮಿನಲ್ಲಿ ಎರಡು ಮೂರು ಸಲ ಹತ್ತಬೇಕಾಯಿತು. ಮದ್ದು ಕಲೆಸುವ ಪ್ರಮಾಣವನ್ನು ಕಲಿಸಿಕೊಟ್ಟ ಹಾಗೆ, ಹತ್ತುವವನ ಮೈ ಕಾಯುವುದನ್ನು ಯಾರೂ ಕಲಿಸಲಿಲ್ಲ. ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಗಂಡಸು ಇಲ್ಲದ ಕೇರಿ ನಮ್ಮ ಕಡೆ ಅಪರೂಪ. ಬೀಳದವರ ಬೆನ್ನುನೋವನ್ನು ಮಾತ್ರ ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ. ಅದು ಕೆಲಸದ ಭಾಗ ಎಂದು ಅವರೂ ಸುಮ್ಮನಿದ್ದರು, ಕೆಲಸ ಕೊಟ್ಟ ನಾವೂ ಸುಮ್ಮನಿದ್ದೆವು.

ಫಿಸಿಯೋಥೆರಪಿ ನಮ್ಮ ದೇಶದಲ್ಲಿ ಬೇರೂರಿದ್ದು ಪೋಲಿಯೋದ ಕಾರಣದಿಂದ. 1950ರ ದಶಕದ ಆರಂಭದಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಶಾಲೆ ಶುರುವಾಯಿತು. 1955ರಲ್ಲಿ ಫಿಸಿಯೋಥೆರಪಿಸ್ಟರ ಅಖಿಲ ಭಾರತ ಸಂಘ ಹುಟ್ಟಿತು. ಆಗ ಶಿರಸಿ, ಸಿದ್ದಾಪುರ, ಯಲ್ಲಾಪುರ ಅದೇ ಮುಂಬಯಿ ರಾಜ್ಯದಲ್ಲಿದ್ದವು. 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಸೇರಿದ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಒಂದೇ ರಾಜ್ಯದ ರಾಜಧಾನಿಯಲ್ಲಿ ಶಾಲೆ ಇದ್ದರೂ ಅಲ್ಲಿ ಕಲಿತವರು ಘಟ್ಟ ಹತ್ತಿ ಬಂದ ನೆನಪು ನಮ್ಮ ಹಿರಿಯರಿಗೆ ಇಲ್ಲ. ಪೋಲಿಯೋ ಬಡಿದ ನಮ್ಮ ಮಕ್ಕಳು ಜಗುಲಿಯ ಮೇಲೆ ಕೈಯೂರಿ ತೆವಳುತ್ತ ಬೆಳೆದರು. ಹುಬ್ಬಳ್ಳಿಯಲ್ಲಿ 1957ರಲ್ಲಿ ವೈದ್ಯಕೀಯ ಕಾಲೇಜು ಆದ ಮೇಲೆ ದೊಡ್ಡ ಕಾಯಿಲೆಗೆ ಅಲ್ಲಿಗೆ ಹೋಗುವ ದಾರಿ ಬಿತ್ತು. ಇವತ್ತಿಗೂ ಆ ದಾರಿ ತಪ್ಪಿಲ್ಲ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಇದೆ, ಶಿರಸಿಯಲ್ಲಿ ಪಂಡಿತ ಸಾರ್ವಜನಿಕ ಆಸ್ಪತ್ರೆ ಇದೆ, 1923ರಲ್ಲಿ ಅಡಿಕೆ ಮಾರಾಟಕ್ಕೆಂದು ಹುಟ್ಟಿದ ತೋಟಗಾರರ ಸೊಸೈಟಿ ಆಸ್ಪತ್ರೆಗೂ ಕೈ ಹಾಕಿತು. ಆದರೂ 2022ರಲ್ಲಿ ಜಿಲ್ಲೆಯ ಯುವಕರು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಎದ್ದು ನಿಲ್ಲಬೇಕಾಯಿತು. ಆ ವರ್ಷದ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟಿನಲ್ಲಿ ಉರುಳಿದ್ದನ್ನು ಜಿಲ್ಲೆ ಮರೆತಿಲ್ಲ.

ತಾಲೂಕು ಪಟ್ಟಣಗಳಿಗೆ ಫಿಸಿಯೋಥೆರಪಿಸ್ಟರು ಬರತೊಡಗಿದ್ದು ತಡವಾಗಿ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಫಿಸಿಯೋಥೆರಪಿ ಪದವಿಯಾದ ಬಿಪಿಟಿ ಓದಿದವರ ಸಂಖ್ಯೆ ಬೆಳೆದು, ನನ್ನಂಥವರು ಊರಿಗೆ ಮರಳಿದೆವು. ಬರುವಾಗ ನಮ್ಮ ಜೊತೆ ಬಂದ ಯಂತ್ರಗಳಲ್ಲಿ ಅಲ್ಟ್ರಾಸೌಂಡ್ ಒಂದು. ಇದು ಚಿಕಿತ್ಸೆಯ ಅಲ್ಟ್ರಾಸೌಂಡ್. ಜೆಲ್ ಹಚ್ಚಿ ನೋವಿನ ಜಾಗದ ಮೇಲೆ ದುಂಡಗೆ ತಿರುಗಿಸುವ ಲೋಹದ ತಲೆ, ಒಂದು ಅಥವಾ ಮೂರು ಮೆಗಾಹರ್ಟ್ಸ್‌ನ ಕಂಪನ. ಅದರಲ್ಲಿ ಚಿತ್ರ ಬರುವುದಿಲ್ಲ. ಜನಕ್ಕೆ ಅದರ ಮೇಲೆ ಬಹಳ ನಂಬಿಕೆ. “ಆ ಮಷಿನ್ ಇಡಿ” ಎಂದು ಕೇಳಿಕೊಂಡೇ ಬರುತ್ತಾರೆ. ಯಂತ್ರ ಮಾರುವವರು ಗುಂಡಿ ತೋರಿಸಿ ಹೋಗುತ್ತಾರೆ, ಅದರ ತಲೆಯಿಂದ ನಿಜವಾಗಿ ಎಷ್ಟು ಶಕ್ತಿ ಹೊರಬರುತ್ತಿದೆ ಎಂದು ಅಳೆದು ನೋಡುವ ಪದ್ಧತಿ ತಾಲೂಕು ಮಟ್ಟದಲ್ಲಿ ಬೆಳೆಯಲೇ ಇಲ್ಲ. 2001ರಲ್ಲಿ ರಾಬರ್ಟ್‌ಸನ್ ಮತ್ತು ಬೇಕರ್ ಎಂಬಿಬ್ಬರು ಈ ಚಿಕಿತ್ಸೆಯ ಮೇಲೆ ನಡೆದ ಪ್ರಯೋಗಗಳನ್ನು ಜಾಲಾಡಿ, ನೋವಿಗೆ ಇದರಿಂದ ಹೆಚ್ಚಿನ ಗುಣವಿದೆ ಎನ್ನಲು ಪುರಾವೆ ತೀರ ಕಡಿಮೆ ಎಂದು ಬರೆದರು. ನನ್ನ ಕ್ಲಿನಿಕ್ಕಿನಲ್ಲಿ ಈಗ ಅದರ ಕೆಲಸ ಕಡಿಮೆ, ವ್ಯಾಯಾಮದ ಕೆಲಸ ಜಾಸ್ತಿ.

ನೋಡುವ ಅಲ್ಟ್ರಾಸೌಂಡಿನ ಚರಿತ್ರೆ ಬೇರೆ ದಿಕ್ಕಿನಲ್ಲಿ ಹರಿಯಿತು. ಎರಡಕ್ಕೂ ಮೂಲ ಒಂದೇ. 1880ರಲ್ಲಿ ಪ್ಯಾರಿಸಿನ ಕ್ಯೂರಿ ಸಹೋದರರು ಸ್ಫಟಿಕವನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಕಂಡುಕೊಂಡರು. ಮೊದಲ ಮಹಾಯುದ್ಧದಲ್ಲಿ ಪಾಲ್ ಲಾಂಜವಾ ಅದನ್ನೇ ಬಳಸಿ ನೀರಿನೊಳಗಿನ ಜಲಾಂತರ್ಗಾಮಿಯನ್ನು ಪ್ರತಿಧ್ವನಿಯಿಂದ ಪತ್ತೆ ಹಚ್ಚಲು ಹೊರಟರು. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಹೊಟ್ಟೆಯೊಳಗಿನ ಗಡ್ಡೆ ಮತ್ತು ಗರ್ಭವನ್ನು ಹೀಗೆ ನೋಡಬಹುದೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತೋರಿಸಿದರು. ಅಲ್ಲಿಂದ ಅದು ಹೆರಿಗೆ ವೈದ್ಯರ ಯಂತ್ರವಾಯಿತು.

ಸ್ನಾಯುವಿನ ಕಡೆಗೆ ಅದನ್ನು ತಿರುಗಿಸಿದವರ ಕಥೆ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. 1968ರಲ್ಲಿ ಜಪಾನಿನ ಇಕಾಯ್ ಮತ್ತು ಫುಕುನಾಗ ತೋಳಿನ ಸ್ನಾಯುವಿನ ಅಡ್ಡಗಾತ್ರವನ್ನು ಅಲ್ಟ್ರಾಸೌಂಡಿನಲ್ಲಿ ಅಳೆದು ಬಲದ ಜೊತೆ ಹೋಲಿಸಿದರು. 1980ರಲ್ಲಿ ಇಂಗ್ಲೆಂಡಿನ ಆರ್ಚಿ ಯಂಗ್ ಮತ್ತು ಸಂಗಡಿಗರು ತೊಡೆಯ ಮುಂಭಾಗದ ಸ್ನಾಯುವನ್ನು ಹೀಗೆ ಅಳೆದರು. ಟೇಪು ಸುತ್ತಿ ತೊಡೆ ಅಳೆದರೆ ಸ್ನಾಯು ಕ್ಷೀಣಿಸಿದ್ದು ನಿಜಕ್ಕಿಂತ ಬಹಳ ಕಡಿಮೆ ಎಂದು ತೋರುತ್ತದೆ ಎಂಬುದು ಅವರ ಶೋಧ. ನಾವು ಈಗಲೂ ಟೇಪು ಸುತ್ತಿಯೇ ಅಳೆಯುತ್ತೇವೆ. ಆಮೇಲೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಜೂಲಿ ಹೈಡ್ಸ್. ಆಕೆ ಫಿಸಿಯೋಥೆರಪಿಸ್ಟ್, ನನ್ನ ವೃತ್ತಿಯ ಹೆಣ್ಣು. 1994ರಲ್ಲಿ ಆಕೆ ಹೊಸದಾಗಿ ಬೆನ್ನುನೋವು ಬಂದವರ ಮಲ್ಟಿಫಿಡಸ್ ಸ್ನಾಯುವನ್ನು ಅಲ್ಟ್ರಾಸೌಂಡಿನಲ್ಲಿ ನೋಡಿ, ನೋವಿರುವ ಬದಿಯಲ್ಲೇ ಅದು ಸಣ್ಣಗಾಗಿರುವುದನ್ನು ತೋರಿಸಿದರು. 1996ರಲ್ಲಿ ಇನ್ನೂ ಮುಖ್ಯವಾದದ್ದು ಹೊರಬಂತು: ನೋವು ಹೋದರೂ ಆ ಸ್ನಾಯು ತಾನಾಗಿ ಮರಳಿ ತುಂಬಿಕೊಳ್ಳುವುದಿಲ್ಲ. ಅದನ್ನೇ ಗುರಿಯಾಗಿಸಿ ವ್ಯಾಯಾಮ ಮಾಡಿಸಿದವರಲ್ಲಿ ತುಂಬಿಕೊಂಡಿತು. 2001ರ ವರದಿಯ ಪ್ರಕಾರ ವ್ಯಾಯಾಮ ಮಾಡಿದವರಲ್ಲಿ ಒಂದು ವರ್ಷದೊಳಗೆ ನೋವು ಮರುಕಳಿಸಿದ್ದು ಶೇ. 30ರಷ್ಟು ಜನಕ್ಕೆ, ಮಾಡದವರಲ್ಲಿ ಶೇ. 84ರಷ್ಟು ಜನಕ್ಕೆ. ಅವರು ನೋಡಿದ ರೋಗಿಗಳ ಸಂಖ್ಯೆ ಚಿಕ್ಕದು, ನಿಜ. ಆದರೂ ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ ಅದೇ ಗೌಡರು ಅದೇ ಸೊಂಟ ಹಿಡಿದುಕೊಂಡು ಬರುವುದನ್ನು ನೋಡುವ ನನಗೆ ಆ ಅಂಕಿಗಳನ್ನು ಮೊದಲು ಓದಿದಾಗ ಮೈ ಜುಮ್ಮೆಂದಿತು.

2006ರ ಮೇ ತಿಂಗಳಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೋದಲ್ಲಿ ಈ ಕೆಲಸ ಮಾಡುವವರೆಲ್ಲ ಸೇರಿ, ಫಿಸಿಯೋಥೆರಪಿಸ್ಟ್ ಅಲ್ಟ್ರಾಸೌಂಡನ್ನು ಯಾವುದಕ್ಕೆ ಬಳಸಬೇಕು, ಯಾವುದಕ್ಕೆ ಬಳಸಬಾರದು ಎಂದು ಗೆರೆ ಎಳೆದರು. ಸ್ನಾಯು ಹೇಗಿದೆ, ಹೇಗೆ ಕೆಲಸ ಮಾಡುತ್ತಿದೆ ಎಂದು ನೋಡುವುದು, ಅದನ್ನು ರೋಗಿಗೆ ತೋರಿಸಿ ವ್ಯಾಯಾಮ ಕಲಿಸುವುದು ಗೆರೆಯ ಒಳಗೆ. ರೋಗನಿರ್ಣಯ ರೇಡಿಯಾಲಜಿಸ್ಟರದು. ಯಂತ್ರ ಕೈಗೆ ಬಂದಷ್ಟು ಬೇಗ ಕಲಿಕೆ ಬರಲಿಲ್ಲ ಎಂಬುದು ಅಲ್ಲಿಯವರಿಗೂ ಕಾಣತೊಡಗಿತು. ಬ್ರಿಟನ್ನಿನಲ್ಲಿ ಅಲ್ಟ್ರಾಸೌಂಡ್ ಬಳಸುವ ಫಿಸಿಯೋಥೆರಪಿಸ್ಟರ ಕೌಶಲ ಮತ್ತು ತರಬೇತಿಯ ಬಗ್ಗೆ 2012ರಲ್ಲಿ ಸಮೀಕ್ಷೆಯೊಂದು ಪ್ರಕಟವಾಯಿತು. ಅಲ್ಲಿ ಇದಕ್ಕೆಂದೇ ಸ್ನಾತಕೋತ್ತರ ಮಟ್ಟದ ಮಾನ್ಯತೆ ಪಡೆದ ಕೋರ್ಸುಗಳಿವೆ. ಅವುಗಳಲ್ಲಿ ಮಾರ್ಗದರ್ಶಕರ ಎದುರು ಕೂತು ರೋಗಿಗಳನ್ನು ನೋಡಿ, ದಾಖಲೆ ಇಟ್ಟು, ಪರೀಕ್ಷೆ ಕೊಡಬೇಕು.

ನಮ್ಮಲ್ಲಿ ಈ ಯಂತ್ರದ ಕಥೆ ಹೆಣ್ಣು ಭ್ರೂಣದ ಕಥೆಯಾಯಿತು. 1991ರ ಜನಗಣತಿಯಲ್ಲಿ ದೇಶದಲ್ಲಿ ಆರು ವರ್ಷದವರೆಗಿನ ಸಾವಿರ ಗಂಡು ಮಕ್ಕಳಿಗೆ 945 ಹೆಣ್ಣು ಮಕ್ಕಳಿದ್ದರು. 2001ರಲ್ಲಿ 927. ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆ 1994ರಲ್ಲಿ ಆಗಿ 1996ರ ಜನವರಿ 1ರಿಂದ ಜಾರಿಗೆ ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ನೋಂದಣಿ ಇಲ್ಲದವರಿಗೆ ಯಂತ್ರ ಮಾರುವಂತಿಲ್ಲ. ನೋಂದಾಯಿಸಿದ ಜಾಗ ಬಿಟ್ಟು ಯಂತ್ರವನ್ನು ಇಷ್ಟ ಬಂದ ಕಡೆ ಒಯ್ಯುವಂತಿಲ್ಲ, ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರಕ್ಕೂ ಇದೇ ಕಟ್ಟು. ಬಳಸುವವರು ಅರ್ಹತೆ ಪಡೆದ ನೋಂದಾಯಿತ ವೈದ್ಯರೇ ಆಗಿರಬೇಕು. ಆ ಪಟ್ಟಿಯಲ್ಲಿ ಫಿಸಿಯೋಥೆರಪಿಸ್ಟ್ ಇಲ್ಲ.

ಈ ಕಾಯ್ದೆಯ ಬಗ್ಗೆ ನನ್ನ ವೃತ್ತಿಯ ಕೆಲವರು ಸಿಡಿಮಿಡಿಗೊಳ್ಳುತ್ತಾರೆ. ನಾನು ಅವರ ಜೊತೆಗಿಲ್ಲ. 2023ರ ಕೊನೆಯಲ್ಲಿ ನಮ್ಮದೇ ರಾಜ್ಯದ ಮಂಡ್ಯ ಜಿಲ್ಲೆಯಲ್ಲಿ ಆಲೆಮನೆಯೊಳಗೆ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ಬೆಲ್ಲ ಕಾಯಿಸುವ ಜಾಗಕ್ಕೆ ಬಸುರಿಯರನ್ನು ಕರೆತಂದು ಮಲಗಿಸುವವರು ಇರುವ ನಾಡಿನಲ್ಲಿ ಯಂತ್ರಕ್ಕೆ ಬೀಗ ಬೇಕೇ ಬೇಕು. ಎರಡು ಹೆಣ್ಣು ಮಕ್ಕಳ ತಾಯಿಯಾಗಿಯೂ ಈ ಮಾತು ಹೇಳುತ್ತೇನೆ. ನನ್ನ ತಕರಾರು ಇರುವುದು ಬೇರೆ ಕಡೆ. ಬೀಗ ಹಾಕಿದ ಮೇಲೆ, ಆ ಕೋಣೆಯಲ್ಲಿ ಬೇರೆ ಏನೇನು ಉಳಿದುಹೋಯಿತು ಎಂದು ಯಾರೂ ತಿರುಗಿ ನೋಡಲಿಲ್ಲ. 2014ರಲ್ಲಿ ಎಂಬಿಬಿಎಸ್ ವೈದ್ಯರಿಗೆ ಅಲ್ಟ್ರಾಸೌಂಡ್ ಕಲಿಸಲು ಆರು ತಿಂಗಳ ತರಬೇತಿಯ ನಿಯಮ ಬಂತು. ಅದರ ಪಠ್ಯ ಹೊಟ್ಟೆ ಮತ್ತು ಕಿಬ್ಬೊಟ್ಟೆಯದು. ಬೆನ್ನು, ಭುಜ, ಮೊಣಕಾಲುಗಳ ಪಾಠಕ್ಕೆ ಹುಟ್ಟಿದ ಕೋರ್ಸಲ್ಲ ಅದು.

ಹಾಗಾಗಿ ನಾನು ಮಾಡಿದ್ದು ಇಷ್ಟು. ನನ್ನ ಕೆಲಸದ ಬಗ್ಗೆ ಗೌರವವಿರುವ ರೇಡಿಯಾಲಜಿಸ್ಟ್ ಒಬ್ಬರನ್ನು ಕೇಳಿಕೊಂಡೆ. ಮೈಮೇಲೆ ಇಟ್ಟು ನೋಡುವ ಪ್ರೋಬ್ ಹಿಡಿಯುವುದು ಅವರು, ರೋಗಿಯ ಪಕ್ಕ ನಿಂತು ವ್ಯಾಯಾಮ ಹೇಳುವುದು ನಾನು. ಯಂತ್ರ ಅವರದು, ಕೋಣೆ ಅವರದು, ರಿಜಿಸ್ಟರೂ ಅವರದು. ಬೆಳಗಿನ ಬಸುರಿಯರ ಸಾಲು ಮುಗಿದ ಮೇಲೆ ನಮ್ಮ ಪಾಳಿ.

ಅಪ್ಪಯ್ಯನ ಕಾಲದಿಂದ ನಮ್ಮ ತೋಟದ ಕೊನೆ ಕೊಯ್ಯುವ ಗೌಡರೊಬ್ಬರನ್ನು ಹೀಗೆ ಕರೆದುಕೊಂಡು ಹೋದೆ. ಹೊಟ್ಟೆಯಡಿ ದಿಂಬಿಟ್ಟು ಬೋರಲು ಮಲಗಿಸಿದೆ. ಜೆಲ್ಲಿನ ತಣ್ಪಿಗೆ ಒಮ್ಮೆ ಬೆಚ್ಚಿದರು. ರೇಡಿಯಾಲಜಿಸ್ಟರು ತ್ರಿಕಾಸ್ಥಿಯಿಂದ ಮೇಲಕ್ಕೆ ಒಂದೊಂದೇ ಕಶೇರುಕ ಎಣಿಸುತ್ತ ಬಂದು ಪ್ರೋಬನ್ನು ಅಡ್ಡಲಾಗಿ ನಿಲ್ಲಿಸಿದರು. ಪರದೆಯ ನಡುವೆ ಕಶೇರುಕದ ಮುಳ್ಳು ಬೆಳ್ಳಗೆ, ಅದರ ಹಿಂದೆ ಕಪ್ಪು ನೆರಳು. ಎರಡೂ ಪಕ್ಕದಲ್ಲಿ ಮೂಳೆಯ ಬಿಳಿಗೆರೆಯೇ ನೆಲ, ಅದರ ಮೇಲೆ ಮಲ್ಟಿಫಿಡಸ್. ಬಲಗಡೆಯದು ದುಂಡಗೆ, ಕಪ್ಪಾಗಿ, ನಡುನಡುವೆ ತೆಳು ಬಿಳಿ ಎಳೆಗಳೊಂದಿಗೆ ತುಂಬಿಕೊಂಡಿತ್ತು. ಎಡಗಡೆಯದು ಚಿಕ್ಕದು. ಅದರ ಅಂಚು ಎಲ್ಲಿ ಮುಗಿಯುತ್ತದೆ ಎಂದು ಹೇಳುವುದೇ ಕಷ್ಟ, ಬಿಳಿ ಹೆಚ್ಚು. ಸ್ನಾಯು ಇರಬೇಕಾದಲ್ಲಿ ಕೊಬ್ಬು ಸೇರಿದಾಗ ಹೀಗೆ ಕಾಣುತ್ತದೆ. ಪ್ರೋಬನ್ನು ಉದ್ದಕ್ಕೆ ತಿರುಗಿಸಿದ ಮೇಲೆ ನಾನು, “ಗೌಡ್ರೇ, ಎಡಗೈ ಸ್ವಲ್ಪ ಮೇಲೆತ್ತಿ” ಎಂದೆ. ಎಡಗೈ ಎತ್ತಿದರೆ ಬಲ ಬದಿಯ ಸ್ನಾಯು ಉಬ್ಬಬೇಕು, ಉಬ್ಬಿತು. ಬಲಗೈ ಎತ್ತಿಸಿ ಎಡಬದಿ ನೋಡಿದರೆ ಅದು ಅಲ್ಲಾಡಿದ್ದೂ ಕಷ್ಟದಲ್ಲಿ.

ಕತ್ತು ತಿರುಗಿಸಿ ಪರದೆ ನೋಡುತ್ತಿದ್ದ ಅವರು ಕೇಳಿದರು, “ತಂಗೀ, ಇದು ನಂದೇಯ?”

“ಹೌದು, ನಿಮ್ಮದೇ. ಈಗ ಉಸಿರು ಬಿಡುತ್ತ ನನ್ನ ಬೆರಳಿನ ಕೆಳಗೆ ಮೆಲ್ಲಗೆ ಉಬ್ಬಿಸಿ ನೋಡಿ.”

ಮೊದಲು ಇಡೀ ಸೊಂಟವನ್ನೇ ಬಿಗಿದರು. ಮೇಲಿನ ದೊಡ್ಡ ಸ್ನಾಯುಗಳು ಎದ್ದವು, ಕೆಳಗಿನದು ಸುಮ್ಮನಿತ್ತು. ಪರದೆ ನೋಡುತ್ತ ಮತ್ತೆ ಮತ್ತೆ ಮಾಡಿದರು. ಒಮ್ಮೆ ಆ ಮಸುಕು ಜಾಗ ನಿಜವಾಗಿ ದಪ್ಪವಾಯಿತು. ರೇಡಿಯಾಲಜಿಸ್ಟರು “ಈಗ!” ಎಂದರು. ಗೌಡರ ಮುಖದಲ್ಲಿ ಆಗ ಮೂಡಿದ ಖುಷಿ, ನಾನು ಬೆರಳೂರಿ “ಇಲ್ಲಿ, ಇಲ್ಲಿ” ಎಂದು ಹೇಳುತ್ತಿದ್ದ ದಿನಗಳಲ್ಲಿ ಕಂಡದ್ದಲ್ಲ. ಏನು ಮಾಡಬೇಕೆಂದು ಅವರ ಮೈಗೆ ಆ ಕ್ಷಣದಲ್ಲಿ ತಿಳಿಯಿತು. ಮುಂದಿನ ವಾರಗಳಲ್ಲಿ ವ್ಯಾಯಾಮ ಮಾಡಿಸುವುದು ನನ್ನ ಕೈಯಲ್ಲಿತ್ತು, ಆ ಪರದೆಯನ್ನು ಮತ್ತೆ ಮತ್ತೆ ತೋರಿಸುವುದು ನನ್ನ ಕೈಯಲ್ಲಿರಲಿಲ್ಲ. ಇಡೀ ತಾಲೂಕಿನ ಬಸುರಿಯರು ಕಾಯುವ ಕೋಣೆಯಲ್ಲಿ ಒಬ್ಬರ ಬೆನ್ನಿಗೆ ವಾರವಾರ ಜಾಗ ಕೇಳಲು ನನಗೂ ಮನಸ್ಸು ಬರಲಿಲ್ಲ.

ಇಂಥದೇ ಇನ್ನೊಂದು ದಿನ ಅದೇ ಕೋಣೆಯಲ್ಲಿ ತರಬೇತಿ ಯಾಕೆ ಬೇಕು ಎಂಬುದು ನನಗೆ ಕಣ್ಣಾರೆ ಕಂಡಿತು. ಅಡಿಕೆ ಸುಲಿಯುವ ಹೆಂಗಸೊಬ್ಬರ ಭುಜ ನೋಡುತ್ತಿದ್ದಾಗ, ಭುಜದ ಮೇಲಿನ ಸ್ನಾಯುರಜ್ಜುವಿನ ನಡುವೆ ಕಪ್ಪು ಕಲೆಯೊಂದು ಕಾಣಿಸಿತು. ಹರಿದಿದೆ ಎಂದೇ ನನಗನ್ನಿಸಿತು. ರೇಡಿಯಾಲಜಿಸ್ಟರು ಏನೂ ಹೇಳದೆ ಪ್ರೋಬನ್ನು ಒಂದಿಷ್ಟು ಓರೆ ಮಾಡಿದರು, ಕಪ್ಪು ಮಾಯವಾಗಿ ರಜ್ಜು ಬೆಳ್ಳಗೆ, ಎಳೆಎಳೆಯಾಗಿ, ಇಡಿಯಾಗಿ ನಿಂತಿತು. ಶಬ್ದದ ಅಲೆ ರಜ್ಜುವಿಗೆ ನೇರವಾಗಿ ಬೀಳದಿದ್ದರೆ ಆರೋಗ್ಯವಾಗಿರುವ ರಜ್ಜುವೂ ಹರಿದಂತೆ ಕಾಣುತ್ತದೆ. ಅನೈಸೋಟ್ರಪಿ ಎಂದು ಪುಸ್ತಕದಲ್ಲಿ ಓದಿದ್ದೆ. ಒಂದೆರಡು ದಿನದ ಶಿಬಿರಕ್ಕೆ ಹೋಗಿ ಪ್ರಮಾಣಪತ್ರ ತಂದವರ ಕೈಗೆ ಯಂತ್ರ ಕೊಟ್ಟರೆ, ಆ ಹೆಂಗಸು ಇಲ್ಲದ ಹರುಕಿಗೆ ಹುಬ್ಬಳ್ಳಿಗೆ ಹೋಗಿ ಆಪರೇಷನ್ ಕೇಳುತ್ತಿದ್ದರು. ಸ್ನಾಯು ನೋಡಲು ಹೋದವರಿಗೆ ಬೇಡದ್ದೂ ಕಾಣಬಹುದು. ಮೂಳೆಯ ಪಕ್ಕದ ಗಂಟು, ಅಸಹಜ ನೀರು. ಆಗ ಬಾಯಿ ಮುಚ್ಚಿಕೊಂಡು ಯಾರ ಬಳಿಗೆ, ಎಷ್ಟು ಬೇಗ ಕಳಿಸಬೇಕು ಎಂಬುದು ಕಲಿಕೆಯ ಮೊದಲ ಪಾಠವಾಗಬೇಕು.

2021ರಲ್ಲಿ ಸಂಸತ್ತು ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಫಿಸಿಯೋಥೆರಪಿಗೆ ದೇಶದ ಮಟ್ಟದಲ್ಲಿ ಶಿಕ್ಷಣದ ಗುಣಮಟ್ಟ ನಿಗದಿ ಮಾಡುವ ಕಾನೂನಿನ ಆಧಾರ ಸಿಕ್ಕಿದ್ದು ಅದರಿಂದ. ಆ ಆಯೋಗವನ್ನು ನಾನು ಕೇಳಬಯಸುವುದು ಯಂತ್ರದ ಪರವಾನಗಿಯನ್ನಲ್ಲ. ಮೊದಲು ಕಲಿಕೆ ಕೊಡಿ. ಸ್ನಾಯು ಮತ್ತು ಕೀಲುಗಳ ಅಲ್ಟ್ರಾಸೌಂಡನ್ನು ಪದವಿಯ ನಂತರದ ಪ್ರತ್ಯೇಕ ಕೋರ್ಸಾಗಿ ಮಾಡಿ. ರೇಡಿಯಾಲಜಿಸ್ಟರ ಪಕ್ಕದಲ್ಲಿ ತಿಂಗಳುಗಟ್ಟಲೆ ಕೂರಿಸಿ. ಭ್ರೂಣಲಿಂಗ ಕಾಯ್ದೆಯನ್ನು ಅದರ ಮೊದಲ ಪತ್ರಿಕೆಯಾಗಿಡಿ. ನೋಡಿದ ಪ್ರತಿ ಚಿತ್ರವನ್ನೂ ದಾಖಲಿಸಿ, ಗುರುವಿನ ಸಹಿ ಹಾಕಿಸಿ. ಹೀಗೆ ಕಲಿತವರು ತಯಾರಾದ ಮೇಲೆ, ನೋಂದಾಯಿತ ಕೇಂದ್ರದೊಳಗೆ, ರೇಡಿಯಾಲಜಿಸ್ಟರ ಕಣ್ಣಳತೆಯಲ್ಲಿ, ಕೈಕಾಲು ಮತ್ತು ಬೆನ್ನನ್ನು ಮಾತ್ರ ನೋಡಲು ಕಾಯ್ದೆ ಒಪ್ಪಬಹುದೇ ಎಂಬ ಪ್ರಶ್ನೆ ಎತ್ತೋಣ. ಈ ಕ್ರಮ ತಲೆಕೆಳಗಾದರೆ ಹೆಣ್ಣು ಮಕ್ಕಳಿಗೂ ಅಪಾಯ, ರೋಗಿಗಳಿಗೂ ಅಪಾಯ. ಕೋರ್ಸು ಬೆಂಗಳೂರಿನಲ್ಲಷ್ಟೇ ಇದ್ದರೆ ಸಾಲದು. ಕಾರವಾರ, ಹುಬ್ಬಳ್ಳಿಯಂಥ ಕಡೆ ಇರಲಿ. ಶಿರಸಿಯ ಕ್ಲಿನಿಕ್ ಮುಚ್ಚದೆ ಹೋಗಿ ಬರುವಷ್ಟು ಹತ್ತಿರ ಇದ್ದರೆ ಮಾತ್ರ ನನ್ನಂಥವರು ಕಲಿಯಬಲ್ಲೆವು.

ತೋಟದಲ್ಲಿ ಈ ನಡುವೆ ಇನ್ನೊಂದು ಉಪಕರಣ ಬಂದಿದೆ. ಮರ ಹತ್ತುವವರು ಕಡಿಮೆಯಾಗಿ, ನೆಲದಲ್ಲೇ ನಿಂತು ಕೊಯ್ಯುವ, ಮದ್ದು ಹೊಡೆಯುವ ಕಾರ್ಬನ್ ಫೈಬರ್ ದೋಟಿ ಮನೆ ಮನೆಗೆ ಬಂತು. ಬೀಳುವ ಭಯ ಹೋಯಿತು, ಇದಕ್ಕಿಂತ ದೊಡ್ಡ ಪುಣ್ಯ ಬೇರಿಲ್ಲ. ಆದರೆ ಅಷ್ಟುದ್ದದ ದೋಟಿಯನ್ನು ಎತ್ತಿ ಹಿಡಿದು, ಕತ್ತು ಹಿಂದಕ್ಕೆ ಬಾಗಿಸಿ ಬೆಳಗಿನಿಂದ ಸಂಜೆಯವರೆಗೆ ಮೇಲೆ ನೋಡುವ ಹುಡುಗರು ಈಗ ಭುಜ ಮತ್ತು ಕುತ್ತಿಗೆ ನೋವೆಂದು ಬರುತ್ತಿದ್ದಾರೆ. ದೋಟಿ ಜೋಡಿಸುವುದು ಹೇಗೆ ಎಂಬ ತರಬೇತಿ ಸಿಕ್ಕಿದೆ, ಎಷ್ಟು ಹೊತ್ತಿಗೊಮ್ಮೆ ತೋಳು ಇಳಿಸಬೇಕು ಎಂಬುದು ಸಿಕ್ಕಿಲ್ಲ. ಗೌಡರ ಮಗನೂ ದೋಟಿಯವನೇ. ಈ ಹಂಗಾಮಿನ ಕೊಯ್ಲು ಶುರುವಾಗುವ ಮೊದಲು ಅಂಥ ಕೆಲವು ಹುಡುಗರ ಭುಜವನ್ನು ಒಮ್ಮೆ, ಕೊಯ್ಲು ಮುಗಿದ ಮೇಲೆ ಇನ್ನೊಮ್ಮೆ ನೋಡೋಣ ಎಂದು ರೇಡಿಯಾಲಜಿಸ್ಟರನ್ನು ಕೇಳಿದ್ದೇನೆ. ಭಾನುವಾರ ಮಧ್ಯಾಹ್ನ ಆಗಬಹುದು ಎಂದಿದ್ದಾರೆ. ಪ್ರೋಬ್ ಅವರ ಕೈಯಲ್ಲೇ ಇರುತ್ತದೆ, ನಾನು ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತೇನೆ.